ಮೂರಕ್ಕಿಂತ ಜಾಸ್ತಿ ಚೆಕ್‌ಬಾಕ್ಸ್ ಟಿಕ್ ಆಗದಂತೆ ತಡೆಯಲು
10 ಚೆಕ್‌ಬಾಕ್ಸ್‌ಗಳಲ್ಲಿ 3 ಮಾತ್ರ ಟಿಕ್ ಆಗಬೇಕು, ಆದರೆ ಫೈರ್‌ಫಾಕ್ಸ್‌ನಲ್ಲಿ ರಿಫ್ರೆಶ್ ಮಾಡಿದರೆ ಲೆಕ್ಕ ತಪ್ಪುತ್ತದೆ ಅಂದಿರಲ್ಲ, ತಪ್ಪು ಟಿಕ್ ಹಾಕಿದಾಗ ಒಂದು ಕೂಡಿಸಿ, ತೆಗೆದಾಗ ಒಂದು ಕಳೆಯುವ ನಿಮ್ಮ ಕೌಂಟರ್‌ನದ್ದು. ರಿಫ್ರೆಶ್ ಆದರೂ ಫೈರ್‌ಫಾಕ್ಸ್ ಹಳೆಯ ಟಿಕ್‌ಗಳನ್ನು ಹಾಗೇ ಉಳಿಸಿಕೊಳ್ಳುತ್ತದೆ. ನಿಮ್ಮ ಕೌಂಟರ್ ಮಾತ್ರ ಮತ್ತೆ ಸೊನ್ನೆಯಿಂದ ಶುರು!

ಕೂಡಿ ಕಳೆಯುವ ಕೆಲಸವನ್ನೇ ಬಿಡಿ. ಪ್ರತಿ ಚೇಂಜ್ ಇವೆಂಟ್‌ಗೂ (ಅಂದರೆ ಟಿಕ್ ಬದಲಾದಾಗೆಲ್ಲ), ಪೇಜ್ ಲೋಡ್ ಆದಾಗಲೂ, ಜಾವಾಸ್ಕ್ರಿಪ್ಟ್‌ನ ಹುಡುಕುವ ಫಂಕ್ಷನ್ ಆದ ಕ್ವೆರಿಸೆಲೆಕ್ಟರ್‌ಆಲ್‌ನಿಂದ ಚೆಕ್ಡ್ (ಟಿಕ್) ಆಗಿರುವವನ್ನಷ್ಟೇ ಹುಡುಕಿ, ಲೆಂಗ್ತ್ (ಎಷ್ಟು ಸಿಕ್ಕವು ಅಂತ) ನೋಡಿ. 3 ಆದರೆ ಟಿಕ್ ಇಲ್ಲದವನ್ನು ಡಿಸೇಬಲ್ ಮಾಡಿ, ಕಡಿಮೆಯಿದ್ದರೆ ಮತ್ತೆ ಎನೇಬಲ್ ಮಾಡಿ. ಸುಮ್ನೆ ಎಲ್ಲವನ್ನೂ ಡಿಸೇಬಲ್ ಮಾಡಬೇಡಿ. ಡಿಸೇಬಲ್ ಆದ ಬಾಕ್ಸ್ ಟಿಕ್ ಆಗಿದ್ದರೂ ಅದರ ವ್ಯಾಲ್ಯೂ ಸಬ್ಮಿಟ್ ಆಗುವುದಿಲ್ಲ. ನಾನೊಮ್ಮೆ ಹಾಗೆ ಮಾಡಿ ಅರ್ಧ ದಿನ ತಲೆ ಕೆರೆದುಕೊಂಡಿದ್ದೆ.

ಸರ್ವರ್‌ನಲ್ಲೂ ಒಮ್ಮೆ ಎಣಿಸಿ. ಬ್ರೌಸರ್‌ನಲ್ಲೇ ಇರುವ ಡೆವ್‌ಟೂಲ್ಸ್ (ಪೇಜಿನ ಕೋಡ್ ನೋಡಿ ಬದಲಿಸುವ ಸಾಧನ) ತೆರೆದು ಡಿಸೇಬಲ್ ತೆಗೆಯುವುದು ಯಾರಿಗೂ ಕಷ್ಟವಲ್ಲ.