ಜಂಕಸ್ ಅಕ್ಯೂಟಸ್ ಎಂಬ ಚೂಪು ಜೊಂಡು ಒಂದು ಬಗೆಯ ಹುಲ್ಲೇ? ಅದು ಎಲ್ಲಿ ಬೆಳೆಯುತ್ತದೆ?

ನೋಡಲು ಹುಲ್ಲಿನಂತೆ ಇದ್ದರೂ ಇದು ಹುಲ್ಲಲ್ಲ. ಜಂಕೇಸೀ ಎಂಬ ಬೇರೆಯೇ ಕುಟುಂಬದ ಗಿಡ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಈ ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಅಕ್ಯೂಟಸ್ ಅಂದರೆ ಚೂಪು.

ಹೆಸರು ಸುಮ್ನೆ ಬಂದದ್ದಲ್ಲ. ಸುಮಾರು ಒಂದೂವರೆ ಮೀಟರ್‌ವರೆಗೆ ಬೆಳೆಯುವ ದಟ್ಟ ಪೊದೆ. ಎಲೆ, ಕಾಂಡ ಎರಡೂ ದುಂಡಗೆ, ಗಟ್ಟಿಯಾಗಿ, ತುದಿಯಲ್ಲಿ ಸೂಜಿಯಂತಿರುತ್ತವೆ. ಸೀಳಿದರೆ ಒಳಗೆ ಬಿಳಿ ತಿರುಳು. ಹೂಗೊಂಚಲು ಕಾಂಡದ ಪಕ್ಕದಿಂದ ಹೊರಟಂತೆ ಕಾಣುತ್ತದೆ. ನಿಜವಾಗಿ ಅದು ತುದಿಯಲ್ಲೇ ಇರುತ್ತದೆ, ಅದರ ಮೇಲೆ ನೆಟ್ಟಗೆ ನಿಂತಿರುವುದು ಒಂದು ಚೂಪು ತೊಟ್ಟೆಲೆ (ಹೂಗೊಂಚಲಿನ ಬುಡದ ಎಲೆ) ಅಷ್ಟೇ. ಭೂತಗನ್ನಡಿಯಲ್ಲಿ ಆ ಕಂದು ಹೂವನ್ನು ಒಮ್ಮೆ ನೋಡಿ: ಮೂರು ಮೂರರಂತೆ ಆರು ಪುಟ್ಟ ದಳ, ಥೇಟ್ ಲಿಲ್ಲಿ ಹೂವಿನ ಲೆಕ್ಕ! ಹುಲ್ಲಿನಲ್ಲಿ ಇದು ಸಿಗಲ್ಲ. ಪರಾಗಸ್ಪರ್ಶ ಗಾಳಿಯಿಂದ. ಆಮೇಲೆ ಹೊಳೆಯುವ ಕಂದು ಕಾಯಿ, ತುಂಬಾ ಬೀಜ.

ಮೆಡಿಟರೇನಿಯನ್ ತೀರ, ಪಶ್ಚಿಮ ಯುರೋಪಿನ ಅಟ್ಲಾಂಟಿಕ್ ತೀರ, ಕ್ಯಾಲಿಫೋರ್ನಿಯಾದ ಉಪ್ಪು ಜೌಗು, ಮರಳುದಿಬ್ಬಗಳ ನಡುವಿನ ತಗ್ಗು, ಇವೇ ಇದರ ಜಾಗ. ಬೆಳೆದ ಗಿಡ ಉಪ್ಪನ್ನು ತಾಳುತ್ತದೆ. ಆದರೆ ಉಪ್ಪು ಜಾಸ್ತಿಯಾದರೆ ಬೀಜ ಮೊಳೆಯುವುದಿಲ್ಲ, ಮಳೆ ಬಂದು ಉಪ್ಪು ತೊಳೆದುಹೋಗಬೇಕು. ಆಸ್ಟ್ರೇಲಿಯಾದಲ್ಲಾದರೋ ಇದು ಹೊರಗಿನಿಂದ ಬಂದ ಕಳೆ.