ಎಂಬಿಸಿ ಅರಬ್ಬಿ ವಾಹಿನಿ ಸಮೂಹದ ಒಡೆಯರು ಯಾರು? ಅದು ನಿಜಕ್ಕೂ ಖಾಸಗಿ ಸಂಸ್ಥೆಯೇ?

ಹುಟ್ಟಿನಲ್ಲಿ ಖಾಸಗಿ, ಈಗ ಆ ಮಾತನ್ನು ಹೇಳುವುದು ಕಷ್ಟ.

ಸೌದಿ ಉದ್ಯಮಿ ವಲೀದ್ ಅಲ್ ಇಬ್ರಾಹಿಂ ಅವರು 1991ರಲ್ಲಿ ಲಂಡನ್ನಿನಲ್ಲಿ ಇದನ್ನು ಆರಂಭಿಸಿದರು. ಅರಬ್ ಜಗತ್ತಿನ ಬಹುತೇಕ ದೂರದರ್ಶನ ಸರ್ಕಾರಗಳ ಕೈಯಲ್ಲೇ ಇದ್ದ ಆ ಕಾಲದಲ್ಲಿ, ಉಪಗ್ರಹದ ಮೂಲಕ ಚಂದಾ ಇಲ್ಲದೆ ಮನೆಮನೆ ತಲುಪಿದ ಮೊದಲ ಖಾಸಗಿ ಅರಬ್ಬಿ ವಾಹಿನಿ ಎಂದು ಇದು ಹೆಸರಾಯಿತು. ಆದರೆ ವಲೀದ್ ಅವರು ಅಂದಿನ ದೊರೆ ಫಹದ್ ಅವರ ಭಾವಮೈದುನ ಎಂಬುದನ್ನು ಮರೆಯುವಂತಿಲ್ಲ. ‘ಖಾಸಗಿ’ ಎಂಬ ಪದಕ್ಕೆ ಅಲ್ಲಿ ಮೊದಲಿನಿಂದಲೂ ಅರಮನೆಯ ನೆರಳಿತ್ತು.

2002ರಲ್ಲಿ ಸಂಸ್ಥೆ ದುಬೈಗೆ ಸ್ಥಳಾಂತರಗೊಂಡಿತು. ಮರುವರ್ಷ, ಕತಾರಿನ ಅಲ್ ಜಝೀರಾಕ್ಕೆ ಎದುರಾಗಿ, ಅಲ್ ಅರೇಬಿಯಾ ಸುದ್ದಿವಾಹಿನಿಯನ್ನು ಹುಟ್ಟುಹಾಕಿತು.

ಒಡೆತನದ ನಿಜವಾದ ತಿರುವು ಬಂದದ್ದು 2017ರ ನವೆಂಬರಿನಲ್ಲಿ. ಭ್ರಷ್ಟಾಚಾರ ವಿರೋಧಿ ಕಾರ್ಯಾಚರಣೆಯ ಹೆಸರಿನಲ್ಲಿ ರಿಯಾದಿನ ಐಷಾರಾಮಿ ಹೋಟೆಲೊಂದರಲ್ಲಿ ಬಂಧನದಲ್ಲಿಡಲಾದ ರಾಜಕುಮಾರರು ಮತ್ತು ಉದ್ಯಮಿಗಳಲ್ಲಿ ವಲೀದ್ ಕೂಡ ಇದ್ದರು. ಅವರು 2018ರ ಜನವರಿಯಲ್ಲಿ ಬಿಡುಗಡೆಯಾದರು, ಅದರ ಬೆನ್ನಿಗೇ ಶೇ. 60ರಷ್ಟು ಪಾಲು ಸೌದಿ ಸರ್ಕಾರದ ವಶಕ್ಕೆ ಹೋಯಿತು, ಉಳಿದ ಶೇ. 40 ಅವರಲ್ಲಿ ಉಳಿಯಿತು.

2024ರ ಜನವರಿಯಲ್ಲಿ ಶೇ. 10ರಷ್ಟು ಷೇರುಗಳು ರಿಯಾದಿನ ಷೇರುಪೇಟೆಗೆ ಬಂದವು. ಆಗ ಸರ್ಕಾರಿ ಪಾಲು ಶೇ. 54ಕ್ಕೂ ವಲೀದ್ ಅವರದು ಶೇ. 36ಕ್ಕೂ ಇಳಿಯಿತು. ಆ ಶೇ. 54ನ್ನು ಕೊಳ್ಳಲು ಸೌದಿಯ ಸಾರ್ವಜನಿಕ ಹೂಡಿಕೆ ನಿಧಿ ಅದೇ ವರ್ಷದ ಕೊನೆಯಲ್ಲಿ ಒಪ್ಪಂದ ಮಾಡಿಕೊಂಡಿತು; ಅಂದರೆ ಪಾಲು ಒಂದು ಸರ್ಕಾರಿ ಜೇಬಿನಿಂದ ಇನ್ನೊಂದಕ್ಕೆ.