ಆಲ್ಕರಾಜ್, ಸಿನ್ನರ್ ಆದ ಮೇಲೆ ನಂಬರ್ ಒನ್ ಯಾರು? ನನ್ನ ಬಾಜಿ ಫೊನ್ಸೆಕಾ ಮೇಲೆ

ಪುರುಷರ ಟೆನಿಸ್‌ನಲ್ಲಿ ಆಲ್ಕರಾಜ್, ಸಿನ್ನರ್ ಇಬ್ಬರನ್ನು ಬಿಟ್ಟರೆ ಈಗ ಮೇಲೆ ಬರುತ್ತಿರುವ ಹುಡುಗರಲ್ಲಿ ಯಾರು ನಂಬರ್ ಒನ್ ಆಗಬಹುದು ಅಂತ ಕೇಳಿದ್ದೀರಿ. ಉತ್ತರ ಹೇಳುವ ಮೊದಲು ನನ್ನ ಹಳೆ ಸಾಲ ಒಂದನ್ನು ಒಪ್ಪಿಕೊಳ್ಳುತ್ತೇನೆ.

ನಾನು ಬಳ್ಳಾರಿಯವನು. ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ಇದೆ. ಬೆಳಗ್ಗೆ ಐದೂವರೆಗೆ ಕ್ಲಬ್ಬಿನ ಮಣ್ಣಿನ ಕೋರ್ಟಿಗೆ ಹೋಗುತ್ತೇನೆ, ಎಂಟಕ್ಕೆ ವಾಪಸ್. ಆಮೇಲೆ ಆಡುವುದಕ್ಕೆ ನಮ್ಮ ಬಿಸಿಲು ಬಿಡಲ್ಲ. ನಮ್ಮಲ್ಲಿ ಎರಡೇ ಕಾಲ ಅಲ್ವಾ: ಬೇಸಿಗೆ, ಕಡು ಬೇಸಿಗೆ. 2023ರಲ್ಲಿ ಕ್ಲಬ್ಬಿನ ಕೋರ್ಟ್ ನೋಡಿಕೊಳ್ಳುವ ಮಾರ್ಕರ್ ಜೊತೆ ಬಾಜಿ ಕಟ್ಟಿದ್ದೆ, ಎರಡು ವರ್ಷದೊಳಗೆ ಡೆನ್ಮಾರ್ಕಿನ ಹೋಲ್ಗರ್ ರೂನ ನಂಬರ್ ಒನ್ ಆಗುತ್ತಾನೆ ಅಂತ. ಕಾರಣ ಇತ್ತು. 2022ರಲ್ಲಿ ಪ್ಯಾರಿಸ್ ಮಾಸ್ಟರ್ಸ್ ಫೈನಲ್ಲಿನಲ್ಲಿ ಜೊಕೊವಿಚ್‌ನನ್ನೇ ಸೋಲಿಸಿದಾಗ ಆ ಹುಡುಗನಿಗೆ ಬರೀ 19 ವರ್ಷ. ಆದರೆ ನಾಲ್ಕನೇ ರ್‍ಯಾಂಕ್ ಮುಟ್ಟಿ ಅಲ್ಲೇ ನಿಂತ. 2025ರ ಅಕ್ಟೋಬರಿನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಆಡುವಾಗ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡ. ಒಗ್ಗರಣೆ ಮಿರ್ಚಿ ನಾನೇ ಕೊಡಿಸಬೇಕಾಯಿತು.

ಅವತ್ತು ಮಾರ್ಕರ್ ಒಂದು ಮಾತು ಹೇಳಿದರು: "ನೀವು ಹೊಡ್ತ ನೋಡ್ತೀರಿ ಸಾಹೇಬ್ರ. ಹೊಡ್ತ ಎಲ್ಲಾರದೂ ಚಲೋನ ಇರ್ತದ. ಕಡೀ ಸೆಟ್ಟಿನಾಗ ಕಾಲು ನೋಡ್ರಿ." ಅರವತ್ತು ದಾಟಿದ ಮನುಷ್ಯ. ಕೋರ್ಟಿಗೆ ನೀರು ಹೊಡೆದು ರೋಲರ್ ಎಳೆಯುವುದರಿಂದ ಹಿಡಿದು ನಮಗೆ ಬ್ಯಾಕ್‌ಹ್ಯಾಂಡ್ ತಿದ್ದುವವರೆಗೆ ಎಲ್ಲ ಅವರೇ.

ಕಾಲು ಯಾಕೆ ಅಂದರೆ, ನಂಬರ್ ಒನ್ ಅನ್ನುವುದು ಒಂದು ಮ್ಯಾಚಿನ ಲೆಕ್ಕ ಅಲ್ಲ, 52 ವಾರದ ಲೆಕ್ಕ. ನಮ್ಮ ಜೀನ್ಸ್ ವ್ಯಾಪಾರದ ಹಾಗೆ ಅಂದುಕೊಳ್ಳಿ. ಹೋದ ದೀಪಾವಳಿಯ ವ್ಯಾಪಾರ ಈ ದೀಪಾವಳಿ ಬಂದ ಕೂಡಲೇ ಪುಸ್ತಕದಿಂದ ಹೊರಗೆ. ಈ ವರ್ಷ ಅಷ್ಟೇ ಮಾಡಿದರೆ ಇದ್ದಲ್ಲೇ ಇರುತ್ತೀರಿ, ಕಡಿಮೆಯಾದರೆ ಕೆಳಗೆ. ವರ್ಷಕ್ಕೆ ನಾಲ್ಕೇ ಬರುವ ಗ್ರ್ಯಾಂಡ್ ಸ್ಲಾಮ್ ಗೆದ್ದರೆ 2000 ಪಾಯಿಂಟ್, ಫೈನಲ್ ಸೋತರೆ 1300, ಅದರ ಕೆಳಗಿನ ದೊಡ್ಡ ಟೂರ್ನಿಯಾದ ಮಾಸ್ಟರ್ಸ್ ಗೆದ್ದರೆ 1000. ಒಂದು ಸಲ ಗೆದ್ದ ಪಾಯಿಂಟ್ ಒಂದೇ ವರ್ಷ ಬಾಳುತ್ತದೆ. ಎರಡು ತಿಂಗಳು ಗಾಯ ಅಂತ ಮಲಗಿದರೆ ಯೂನಿಟ್ಟಿಗೆ ಬೀಗ ಹಾಕಿದ ಹಾಗೆ.

2025ರ ಕೊನೆಯ ಪಟ್ಟಿ ನೋಡಿ. ಆಲ್ಕರಾಜ್ 12,050, ಸಿನ್ನರ್ 11,500. ಮೂರನೆಯವನು ಜ್ವೆರೆವ್, ಐದು ಸಾವಿರದ ಆಸುಪಾಸು. ಅರ್ಧಕ್ಕಿಂತ ಕಡಿಮೆ! 2024, 2025ರ ಎಂಟೂ ಗ್ರ್ಯಾಂಡ್ ಸ್ಲಾಮ್ ಈ ಇಬ್ಬರೇ ಹಂಚಿಕೊಂಡರು, ತಲಾ ನಾಲ್ಕು. ಮೇಲಾಗಿ ಇವರೇನು ಮುದುಕರಲ್ಲ. ಒಬ್ಬ 2003ರಲ್ಲಿ ಹುಟ್ಟಿದವನು, ಇನ್ನೊಬ್ಬ 2001ರಲ್ಲಿ. ಹಾಗಾಗಿ ಪ್ರಶ್ನೆ ಯಾರು ಚೆನ್ನಾಗಿ ಆಡುತ್ತಾನೆ ಅನ್ನುವುದಲ್ಲ. ಯಾರಿಗೆ ಕಾಯುವಷ್ಟು ವಯಸ್ಸು ಇದೆ, ಕಾದಷ್ಟು ದಿನ ಯಾರ ಮೈ ತಡೆಯುತ್ತದೆ ಅನ್ನುವುದು. ಆಂಡಿ ಮರ್ರೆ 2009ರಲ್ಲೇ ಎರಡನೇ ರ್‍ಯಾಂಕಿಗೆ ಬಂದಿದ್ದ. ಒಂದನೇ ರ್‍ಯಾಂಕ್ ಸಿಕ್ಕಿದ್ದು 2016ರ ನವೆಂಬರಿನಲ್ಲಿ.

ಈ ಲೆಕ್ಕದಲ್ಲಿ ನನಗೆ ಮೊದಲು ಕಾಣುವವನು ಬ್ರೆಜಿಲಿನ ಜೋವೋ ಫೊನ್ಸೆಕಾ. ಹುಟ್ಟಿದ್ದು 2006ರ ಆಗಸ್ಟಿನಲ್ಲಿ, ಆಲ್ಕರಾಜ್‌ಗಿಂತ ಮೂರು ವರ್ಷ ಚಿಕ್ಕವನು. ಇವನ ಆಟ ಮೊದಲು ಸರಿಯಾಗಿ ನೋಡಿದ್ದು 2025ರ ಜನವರಿಯಲ್ಲಿ. ಕೊಪ್ಪಳದಲ್ಲಿ ಗವಿಮಠದ ಅಜ್ಜನ ಜಾತ್ರೆಯ ವಾರ, ಹೆಂಡತಿಯ ತವರಲ್ಲಿದ್ದೆ. ಮನೆಯವರೆಲ್ಲ ತೇರಿನ ಮಾತಲ್ಲಿದ್ದರು, ನಾನು ಮೂಲೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದೆ. ಆಸ್ಟ್ರೇಲಿಯನ್ ಓಪನ್ ಮೊದಲ ಸುತ್ತು. ಕ್ವಾಲಿಫೈಯಿಂಗ್ ಆಡಿ ಒಳಗೆ ಬಂದ ಈ 18ರ ಹುಡುಗ ಒಂಬತ್ತನೇ ಶ್ರೇಯಾಂಕದ ರುಬ್ಲೆವ್‌ನನ್ನು ಮೂರೇ ಸೆಟ್ಟಿನಲ್ಲಿ ಮುಗಿಸಿದ. ಆ ಫೋರ್‌ಹ್ಯಾಂಡ್ ಸದ್ದು ಮೊಬೈಲಿನಲ್ಲೇ ಬೇರೆ ಥರ ಕೇಳಿಸುತ್ತಿತ್ತು. "ಅದೇನ್ರಿ ಅಷ್ಟು ಚೀರ್ತೀರಿ" ಅಂತ ಮಾವನವರು ಎದ್ದು ಬಂದರು.

ಅದೇ ಫೆಬ್ರವರಿಯಲ್ಲಿ ಬ್ಯೂನಸ್ ಐರಿಸ್‌ನ ಮಣ್ಣಿನ ಕೋರ್ಟಿನಲ್ಲಿ ಗೆದ್ದ, ಅದೂ ಅರ್ಜೆಂಟೀನಾದವನನ್ನೇ ಫೈನಲ್ಲಿನಲ್ಲಿ ಸೋಲಿಸಿ. ಅಕ್ಟೋಬರಿನಲ್ಲಿ ಬಾಸೆಲ್‌ನ ಒಳಾಂಗಣದ ಗಟ್ಟಿ ಕೋರ್ಟಿನಲ್ಲೂ ಗೆದ್ದ. ನನಗೆ ಮುಖ್ಯ ಅನ್ನಿಸುವುದು ಇದೇ. ಒಂದೇ ನೆಲದ ಆಟಗಾರ ವರ್ಷಕ್ಕೆ ಮೂರು ತಿಂಗಳು ದುಡಿದು ಒಂಬತ್ತು ತಿಂಗಳು ಕೂತು ತಿನ್ನಬೇಕಾಗುತ್ತದೆ. ಎರಡು ಥರದ ನೆಲದಲ್ಲೂ ಬೆಳೆ ತೆಗೆಯುವವನು ಬೇರೆ. ಬ್ರೆಜಿಲ್‌ನಿಂದ ಒಬ್ಬ ನಂಬರ್ ಒನ್ ಮೊದಲೇ ಆಗಿ ಹೋಗಿದ್ದಾನೆ. 2000ದಲ್ಲಿ ಗುಸ್ತಾವೊ ಕ್ಯುರ್ಟೆನ್, ಸೊಂಟ ಕೈಕೊಡುವವರೆಗೆ ಅದ್ಭುತವಾಗಿ ಆಡಿದವನು. ಮತ್ತೆ ಅದೇ ಮೈಯ ಮಾತು ಬಂತು ನೋಡಿ.

ಎರಡನೆಯವನು ಚೆಕ್ ಹುಡುಗ ಯಾಕುಬ್ ಮೆನ್ಶಿಕ್, 2005ರಲ್ಲಿ ಹುಟ್ಟಿದವನು. ಸರ್ವ್ ಮಾತ್ರ ಇವತ್ತಿಗೂ ಫೊನ್ಸೆಕಾಗಿಂತ ಇವನದೇ ಮೇಲು. 2025ರ ಮಯಾಮಿ ಮಾಸ್ಟರ್ಸ್ ಫೈನಲ್ಲಿನಲ್ಲಿ ಜೊಕೊವಿಚ್‌ನನ್ನು ಎರಡು ಟೈಬ್ರೇಕರ್‌ನಲ್ಲಿ ಸೋಲಿಸಿದ. ಅದರ ಹಿಂದಿನ ಕಥೆ ಇನ್ನೂ ಚೆನ್ನ. ಮೊದಲ ಮ್ಯಾಚಿಗೂ ಮುಂಚೆ ಮಂಡಿ ನೋವು ಜಾಸ್ತಿಯಾಗಿ, ಟೂರ್ನಿಯೇ ಬೇಡ ಅಂತ ಹೊರಟಿದ್ದನಂತೆ. ಫಿಸಿಯೋ ಹಿಡಿದು ನಿಲ್ಲಿಸಿ ಉಪಚಾರ ಮಾಡಿದ್ದಕ್ಕೆ ಕಪ್ ಬಂತು. ಕೇಳಲು ಸಿನಿಮಾ ಥರ ಇದೆ, ಆದರೆ ನನಗೆ ಹೆದರಿಕೆ ಆಗುವುದೂ ಅದಕ್ಕೇ. 19ಕ್ಕೇ ಮಂಡಿ ಮಾತಾಡಿದರೆ 24ಕ್ಕೆ ಏನು ಹೇಳುತ್ತದೋ.

ಬ್ರಿಟನ್ನಿನ ಜ್ಯಾಕ್ ಡ್ರೇಪರ್ ಬಗ್ಗೆ ಹೇಳಲು ಬೇಜಾರು. ಎಡಗೈ ಆಟ, ನೋಡೋಕೆ ಹಬ್ಬ. 2025ರಲ್ಲಿ ಇಂಡಿಯನ್ ವೆಲ್ಸ್ ಮಾಸ್ಟರ್ಸ್ ಗೆದ್ದು ಜೂನಿನಲ್ಲಿ ನಾಲ್ಕನೇ ರ್‍ಯಾಂಕ್ ಮುಟ್ಟಿದ. ಆಮೇಲೆ ಅದೇ ಎಡಗೈ ನೋವು, ಯುಎಸ್ ಓಪನ್ ಅರ್ಧಕ್ಕೇ ಬಿಟ್ಟ. ವಯಸ್ಸಿನಲ್ಲಿ ಸಿನ್ನರ್‌ಗಿಂತ ನಾಲ್ಕು ತಿಂಗಳಷ್ಟೇ ಚಿಕ್ಕವನು, ಕಾದು ಗೆಲ್ಲುವ ದಾರಿಯೂ ಇಲ್ಲ. ಫ್ರಾನ್ಸಿನ ಆರ್ಥರ್ ಫಿಸ್‌ಗೆ 2025ರಲ್ಲಿ ಬೆನ್ನಿನ ಮೂಳೆಯ ತೊಂದರೆ ಆಗಿತ್ತು. ಬೆನ್‌ ಶೆಲ್ಟನ್ ಟಾಪ್ 5ಕ್ಕೆ ಸರಿ, ಅದಕ್ಕಿಂತ ಮೇಲೆ ರಿಟರ್ನ್ (ಎದುರಾಳಿಯ ಸರ್ವ್ ವಾಪಸ್ ಹೊಡೆಯುವುದು) ಸುಧಾರಿಸದೆ ಆಗಲ್ಲ.

ಅಮೆರಿಕದ ಲರ್ನರ್ ಟಿಯೆನ್ ನನಗೆ ಇಷ್ಟದ ಹುಡುಗ. 2025ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಮೆಡ್ವೆಡೆವ್‌ನನ್ನು ಐದು ಸೆಟ್ ಓಡಾಡಿಸಿ ಗೆದ್ದಾಗ ಮೆಲ್ಬರ್ನಿನಲ್ಲಿ ಬೆಳಗಿನ ಜಾವ ಮೂರರ ಹತ್ತಿರ. ಮಾರ್ಕರ್ ಹೇಳುವ ಕಾಲು ಇವನಿಗಿದೆ, ತಲೆ ಇನ್ನೂ ಚುರುಕು. ಆದರೆ ಸರ್ವ್‌ನಿಂದ ಸುಲಭದ ಪಾಯಿಂಟ್ ಬರಲ್ಲ. ಪ್ರತಿ ಪಾಯಿಂಟಿಗೂ ಬೆವರು ಸುರಿಸುವವನು ವರ್ಷ ಪೂರ್ತಿ ಹೇಗೆ ಸುರಿಸುತ್ತಾನೆ?

ನಮ್ಮ ದೇಶದವರು ಯಾರಾದರೂ ಅಂತ ಕಾಮೆಂಟಿನಲ್ಲಿ ಕೇಳುತ್ತೀರಿ, ಗೊತ್ತು. ಡಬಲ್ಸ್‌ನಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿನಲ್ಲಿ ನಂಬರ್ ಒನ್ ಆದರು. ಸಿಂಗಲ್ಸ್‌ನಲ್ಲಿ ಸುಮ್ನೆ ಆಸೆ ಹುಟ್ಟಿಸಲಾರೆ.

ಹಾಗಾಗಿ ಮತ್ತೆ ಬಾಜಿಗೆ ಹೋದೆ. 2029 ಮುಗಿಯುವುದರೊಳಗೆ ಫೊನ್ಸೆಕಾ, ಈ ಸಲ ಎರಡು ಪ್ಲೇಟ್ ಒಗ್ಗರಣೆ ಮಿರ್ಚಿ. ಮಾರ್ಕರ್ ಇನ್ನೂ ಹೂಂ ಅಂದಿಲ್ಲ. ಅವನ ಐದು ಸೆಟ್ಟಿನ ಮ್ಯಾಚ್ ಒಂದನ್ನು ಮೊಬೈಲಿನಲ್ಲಿ ತೋರಿಸು, ಕಡೆ ಸೆಟ್ ನೋಡಿ ಹೇಳುತ್ತೇನೆ ಅಂದಿದ್ದಾರೆ. ರುಬ್ಲೆವ್ ಆದ ಮೇಲಿನ ಮ್ಯಾಚಿನಲ್ಲೇ ಸೊನೆಗೊ ಎದುರು ಐದು ಸೆಟ್ ಆಡಿ ಸೋತಿದ್ದಾನೆ. ಅದನ್ನಂತೂ ನಾನು ತೋರಿಸಲ್ಲ.